ಬಿಕ್ಕಿನ ಜಾಗದಲ್ಲಿ ಆರು ಸಾಲು

ಬಸ್ ಡಿಪೋದ ಸೀಟು ವಿಭಾಗದಲ್ಲಿ ಅವಳನ್ನು ಎಲ್ಲರೂ ಸೂಜಕ್ಕ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ಯೋಚಿಸಿ ತಲೆಯೆತ್ತುತ್ತಾಳೆ. ವಯಸ್ಸು ಐವತ್ತೆಂಟು. ಮೂವತ್ತಮೂರು ವರ್ಷಗಳಿಂದ ಕೆಲಸ ಒಂದೇ: ಹರಿದ ಸೀಟಿನ ಹೊದಿಕೆ ಬಿಚ್ಚುವುದು, ಕುಸಿದ ಫೋಮ್ ತೆಗೆದು ಹೊಸದು ಕೂರಿಸುವುದು, ರೆಕ್ಸಿನ್ ಕತ್ತರಿಸಿ ಬಾಗಿದ ಸೂಜಿಯಲ್ಲಿ ಹೊಲಿದು ಮುಚ್ಚುವುದು. ಬಲಗೈ ಹೆಬ್ಬೆರಳಿನ ತುದಿ ಗಟ್ಟಿಯಾಗಿ, ಸವೆದ ಗುಂಡಿಯ ಹಾಗೆ ಹೊಳೆಯುತ್ತದೆ.

ಆ ಹೆಬ್ಬೆರಳಿಗೆ ಡಿಪೋದಲ್ಲಿ ಹೆಸರಿದೆ. ಕಣ್ಣು ಮುಚ್ಚಿ ಸೀಟಿನ ಮೇಲೆ ಒಮ್ಮೆ ಎಳೆದರೆ ಸಾಕು, ರೆಕ್ಸಿನ್ನಿಗೆ ಎಲ್ಲಿ ತೇಪೆ ಬಿದ್ದಿದೆ, ಎಲ್ಲಿ ಎರಡು ತುಂಡು ಕೂಡಿದೆ ಎಂದು ಹೇಳಿಬಿಡುತ್ತಾಳೆ. ವಿಭಾಗದ ಮೇಸ್ತ್ರಿ ಒಮ್ಮೆ ಪಂಥ ಕಟ್ಟಿ, ಜೋಡಣೆಯನ್ನು ಅಂಚಿನ ಪಟ್ಟಿಯ ಕೆಳಗೆ ಅಡಗಿಸಿ, ಮೇಲೆ ಇಸ್ತ್ರಿ ಬೇರೆ ಆಡಿಸಿ ತಂದಿಟ್ಟಿದ್ದ. ಅವಳು ಮೂರು ಸೆಕೆಂಡಿನಲ್ಲಿ ಬೆರಳು ನಿಲ್ಲಿಸಿ, ಇಲ್ಲಿ, ಎಂದಳು. ಎರಡು ತುಂಡು ಕೂಡಿಸಿದ ಮೇಲೆ ಒಂದು ಕೂದಲೆಳೆಯಷ್ಟಾದರೂ ಎದ್ದಿರಲೇಬೇಕು, ಬೆರಳಿಗೆ ಸುಳ್ಳು ಹೇಳೋಕಾಗಲ್ಲ ಎನ್ನುವುದು ಅವಳ ವಾದ.

ಅವಳ ಇನ್ನೊಂದು ಹೆಸರುವಾಸಿ ಸಂಗತಿ ಹಾಡು. ಒಂದೇ ಹಾಡು. ಹಡಗುಕಟ್ಟೆಯ ಮೇಲೆ ನಡೆಯುವ ಯಾವುದೋ ಹಳೆಯ ಸಂಗೀತ ನಾಟಕದ್ದು. ಗಂಡ ಸಮುದ್ರದಾಚೆ ಹೋಗಿ ಸುದ್ದಿಯಿಲ್ಲದಾದ ಹೆಂಗಸೊಬ್ಬಳು ಹಾಡುವುದು. ಮೊದಲ ಭಾಗದಲ್ಲಿ ಅವಳು ಅವನ ಅಂಗಿ ಒಗೆದು ಮಡಿಸಿಡುತ್ತಾಳೆ, ಕಿಟಕಿಯಲ್ಲಿ ದೀಪ ಹಚ್ಚುತ್ತಾಳೆ, ಹಡಗು ಬರುವ ಹೊತ್ತಿಗೆ ಹೊಸಿಲ ಮೇಲೆ ಬಂದು ಕೂರುತ್ತಾಳೆ. ಆಮೇಲೆ ಒಂದು ಬಿಕ್ಕು. ಉಸಿರು ಒಳಗೆ ಹೋಗುತ್ತದೆ, ತುಂಡಾಗುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಅದರ ಬೆನ್ನಿಗೇ ಕೊನೆಯ ಭಾಗ:

ದೀಪ ಕಿಟಕಿಯಲ್ಲಿ ಉರಿಯುತಿದೆ,
ಮನೆ ಇದ್ದ ಹಾಗೇ ಇದೆ.

ಸೂಜಕ್ಕ ಹಾಡುವುದು ಊಟದ ಬಿಡುವಿಗೆ ಐದು ನಿಮಿಷ ಮುಂಚೆ. ಬಿಕ್ಕಿನ ಜಾಗ ಹತ್ತಿರ ಬಂದಾಗ ಸ್ಟೋರಿನವನು ಎದ್ದು ಹೋಗಿ ಕಂಪ್ರೆಸರ್ ನಿಲ್ಲಿಸುತ್ತಾನೆ. ಸ್ಟೇಪ್ಲರ್ ಗನ್ನುಗಳು ಸುಮ್ಮನಾಗುತ್ತವೆ. ಅವಳು ಆ ಎರಡು ಉಸಿರನ್ನು ಎಳೆದುಕೊಳ್ಳುವುದನ್ನು ಹನ್ನೊಂದು ಜನ ಕೇಳುತ್ತಾರೆ.

“ಸೂಜಕ್ಕ, ಇವತ್ತು ಬಿಕ್ಕು ಸ್ವಲ್ಪ ಗಟ್ಟಿ ಇರ್ಲಿ,” ಎಂದು ಸ್ಟೋರಿನವನು ಆಗಾಗ ಬೇಡಿಕೆ ಸಲ್ಲಿಸುವುದುಂಟು. “ಮನೇಲಿ ಜಗಳ ಆಡ್ಕೊಂಡು ಬಂದಿದೀನಿ. ಸ್ವಲ್ಪ ಬುದ್ಧಿ ಬರ್ಬೇಕು.”

ಹಾಡು ಅವಳಿಗೆ ಸಿಕ್ಕಿದ್ದು ಗಂಡನಿಂದ. ಅವನು ಕ್ರೇನ್ ನಡೆಸುವವನು. ಮದುವೆಯಾದ ನಾಲ್ಕನೇ ವರ್ಷ, ಕೆಲಸದ ಮೇಲೆ ರಾಜಧಾನಿಗೆ ಹೋಗಿದ್ದಾಗ ಆ ನಾಟಕ ನೋಡಿದ. ಎಷ್ಟು ಹಿಡಿಸಿತೆಂದರೆ ಮರುದಿನವೂ ಟಿಕೆಟ್ ತೆಗೆದುಕೊಂಡು ನೋಡಿದ. ಊರಿಗೆ ಬಂದ ಮೇಲೆ, ನಿಲ್ದಾಣದ ಎದುರಿನ ಕ್ಯಾಸೆಟ್ ಅಂಗಡಿಯಲ್ಲಿ ಅದರ ಹಾಡುಗಳ ಪ್ರತಿ ಮಾಡಿಸಿ ತಂದುಕೊಟ್ಟ. ಆಗ ಅವಳಿಗೆ ಇಪ್ಪತ್ತಾರು, ಮಗಳಿಗೆ ಮೂರು. ಎಂಟು ತಿಂಗಳ ನಂತರ ಅವನು ದೂರದ ಬಂದರೊಂದರಲ್ಲಿ ಹೆಚ್ಚಿನ ಸಂಬಳವಿದೆ ಎಂದು ಹೊರಟ. ಮೂರು ಕಾಗದ ಬಂದವು. ನಾಲ್ಕನೆಯದು ಬರಲಿಲ್ಲ.

ಒಂಬತ್ತು ವರ್ಷ ಅವಳು ಕಾದಳು. ಅಣ್ಣ ಬಂದು ಕರೆದ, ಹೋಗಲಿಲ್ಲ. ಡಿಪೋದ ವಸತಿಗೃಹ ಮಂಜೂರಾಯಿತು, ಬೇಡವೆಂದಳು. ಅವನು ಬಂದರೆ ಹಳೆಯ ವಿಳಾಸಕ್ಕೆ ತಾನೆ ಬರುವುದು? ಎಂಜಿನ್ ವಿಭಾಗದ ಫಿಟ್ಟರ್ ಒಬ್ಬ, ಒಳ್ಳೆಯವನು, ಎರಡು ಸಲ ಅಣ್ಣನ ಮೂಲಕ ಮದುವೆಗೆ ಕೇಳಿಸಿದ. ಎರಡು ಸಲವೂ ಅವಳು ಉತ್ತರ ಕೊಡದೆ ಆ ಸಂಜೆ ಕ್ಯಾಸೆಟ್ ಹಾಕಿಕೊಂಡಳು. ತಲೆ ಕೆಟ್ಟಾಗಲೆಲ್ಲ ಆ ಬಿಕ್ಕು ಕೇಳುತ್ತಿದ್ದಳು. ಅಷ್ಟು ಅತ್ತೂ ಆ ಹೆಂಗಸು ದೀಪ ಆರಲು ಬಿಡಲಿಲ್ಲವಲ್ಲ, ನನ್ನದೇನು ಮಹಾ, ಎಂದುಕೊಳ್ಳುತ್ತಿದ್ದಳು. ಇದನ್ನು ಅವಳು ಯಾರಿಗೂ ಮುಚ್ಚಿಟ್ಟಿಲ್ಲ.

ಅವನು ಬಂದ. ಒಂದು ಮಧ್ಯಾಹ್ನ, ಅವಳು ಹೊಸಿಲ ಮೇಲೆ ಕೂತು ಹಾಡಿಕೊಳ್ಳುತ್ತ ಮಗಳ ಶಾಲೆಯ ಚೀಲಕ್ಕೆ ರೆಕ್ಸಿನ್ ತುಂಡು ಹೊಲಿಯುತ್ತಿದ್ದಾಗ, ಒಂದು ಕೈಚೀಲ ಹಿಡಿದು ಬೀದಿಯ ಕೊನೆಯಿಂದ ನಡೆದು ಬಂದ. ಬೆಂಕಿಪೊಟ್ಟಣ ತರಲು ಹೋದವನ ಹಾಗೆ ಒಳಗೆ ಹೋಗಿ, ಮುಖ ತೊಳೆದು, ನನ್ನ ಬಾಚಣಿಗೆ ಎಲ್ಲಿ ಎಂದು ಕೇಳಿದ. ಬಾಚಣಿಗೆ ಇದ್ದಲ್ಲೇ ಇತ್ತು. ಹನ್ನೆರಡು ವರ್ಷದ ಮಗಳು, ಯಾರಮ್ಮ ಇವರು, ಎಂದಳು.

ಆ ದಿನದಿಂದ ಹಾಡಿಗೆ ಬೇರೆಯೇ ತೂಕ ಬಂತು. ಬೀದಿಯ ಹೆಂಗಸರು ಸಂಸಾರದ ತಾಪತ್ರಯ ಹೊತ್ತು ಅವಳ ಬಳಿ ಬರತೊಡಗಿದರು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಕೂರಿಸಿ ಹಾಡುತ್ತಿದ್ದಳು. ಎರಡೂವರೆ ವರ್ಷದ ಹಿಂದೆ ಅಳಿಯ, ಮನಸ್ಸು ಸರಿಯಾದ ಮೇಲೆ ಬರುತ್ತೇನೆ ಎಂದು ಹೇಳಿ ಹೋಗಿ ಫೋನ್ ನಂಬರನ್ನೂ ಬದಲಿಸಿದಾಗ, ಮಗಳಿಗೂ ಹಾಗೆಯೇ ಹಾಡಿದಳು.

ಮಗಳು ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಗಾಜಿನ ನಳಿಕೆಗಳಲ್ಲಿ ನೀರು ಹಿಡಿದು ಬಣ್ಣ ನೋಡುವ ಕೆಲಸ. ತಾಯಿಯ ಬೀದಿಯಲ್ಲೇ, ಮೂರು ಮನೆ ಆಚೆ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಾಳೆ. ಗಂಡನ ಶೂಗಳು ಇಂದಿಗೂ ಬಾಗಿಲ ಪಕ್ಕದಲ್ಲಿವೆ, ವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ. ಈ ವರ್ಷ ಆರು ತಾಸಿನ ರೈಲು ದಾರಿಯ ಊರೊಂದರಲ್ಲಿ ಹೊಸ ಪ್ರಯೋಗಾಲಯ ತೆರೆಯಿತು. ಅದರ ಮುಖ್ಯಸ್ಥೆಯಾಗಿ ಹೋಗುತ್ತೀಯಾ ಎಂದು ಕಚೇರಿ ಕೇಳಿತು. ಸೋಮವಾರದೊಳಗೆ ಉತ್ತರ ಬೇಕಿತ್ತು. ಅಂಥ ಅವಕಾಶ ಎರಡನೇ ಸಲ ಬರುವಂಥದ್ದಲ್ಲ. ನೀನು ಹೇಳಮ್ಮ ಎಂದಳು ಮಗಳು. ಬೀಗ ಹಾಕಿದ ಮನೆಗೆ ಯಾರು ವಾಪಸ್ ಬರ್ತಾರೆ ಎಂದು ಕೇಳಿದಳು ತಾಯಿ. ಮಗಳು ಬೇಡವೆಂದು ಬರೆಯುವುದು ಹೆಚ್ಚು ಕಡಿಮೆ ನಿಶ್ಚಯವಾಗಿತ್ತು.

ಅದೇ ವಾರ ರಾಜಧಾನಿಯ ತಂಡವೊಂದು ಆ ಹಳೆಯ ನಾಟಕವನ್ನು ಮತ್ತೆ ಕಟ್ಟಿ, ಈ ಊರಿಗೂ ತಂದಿತು. ಮಗಳು ಶನಿವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಎರಡು ಟಿಕೆಟ್ ತಂದಳು. ಮೂವತ್ತೆರಡು ವರ್ಷ ಹಾಡಿದ ಹಾಡನ್ನು ಸೂಜಕ್ಕ ರಂಗದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಇನ್ನೊಂದು ಟಿಕೆಟ್ ತೆಗೆಯೋಣವೆಂದು ಗಂಡನನ್ನೂ ಕರೆದಳು. ಅವನು, ನಾನು ನೋಡಿದೀನಲ್ಲ, ನೀವೇ ಹೋಗಿ, ಎಂದ.

ಮೂರನೇ ಸಾಲಿನ ಕುರ್ಚಿಗಳು. ಕೂತ ತಕ್ಷಣ ಅವಳ ಹೆಬ್ಬೆರಳು ಕೈಯಾನಿಕೆಯ ಅಡಿಗೆ ಹೋಗಿ, ಅಗ್ಗದ ಕೆಲಸ, ಎಂದು ತೀರ್ಪು ಕೊಟ್ಟಿತು. ದೀಪಗಳು ಆರಿದವು. ಮುಕ್ಕಾಲು ಗಂಟೆಯ ನಂತರ ನಟಿಯೊಬ್ಬಳು ಮಡಿಸಿದ ಅಂಗಿ ಹಿಡಿದು ಮುಂದೆ ಬಂದಳು. ಪಿಯಾನೊ ಶುರುವಾಯಿತು. ಸೂಜಕ್ಕ ಮಗಳ ಕೈ ಹಿಡಿದುಕೊಂಡಳು. ಅಂಗಿ, ದೀಪ, ಹೊಸಿಲು, ಒಂದಕ್ಷರ ಹೆಚ್ಚು ಕಡಿಮೆಯಿಲ್ಲ. ಬಿಕ್ಕಿನ ಜಾಗ ಬಂದಾಗ ಅವಳು ತನಗರಿವಿಲ್ಲದೆ ಎರಡು ಸಲ ಉಸಿರೆಳೆದುಕೊಂಡಳು. ಸದ್ದು ಹಿಂದಿನ ಸಾಲಿಗೂ ಕೇಳಿಸಿತು.

ರಂಗದ ಮೇಲೆ ಯಾರೂ ಬಿಕ್ಕಲಿಲ್ಲ. ನಟಿ ಒಂದೇ ಉಸಿರು ತೆಗೆದುಕೊಂಡು, ಎದ್ದು ನಿಂತು, ಸೂಜಕ್ಕ ಜನ್ಮದಲ್ಲಿ ಕೇಳದ ಆರು ಸಾಲು ಹಾಡಿದಳು:

ಏಳು ವರುಷ ಎಣಿಸಿ ಕೂತೆ,
ಎಂಟನೆಯದು ನನ್ನದು;
ದೀಪ ಹಚ್ಚು ಎಂದು ಹೇಳಿ
ನೆರೆಯವಳಿಗೆ ಕೀಲಿ ಕೊಟ್ಟೆ;
ಪೆಟ್ಟಿಗೆ ನನ್ನ ಕೈಯಲ್ಲಿದೆ,
ಹಡಗು ದಡವ ಬಿಟ್ಟಿದೆ.

ಹೊಸಿಲಿನ ರಂಗಸಜ್ಜು ಎರಡಾಗಿ ಸರಿಯಿತು. ಹಿಂದೆ ಹಡಗಿನ ಅಟ್ಟ ಕಾಣಿಸಿತು. ಕೊನೆಯ ಭಾಗವನ್ನು, ದೀಪ ಕಿಟಕಿಯಲ್ಲಿ ಉರಿಯುತ್ತಿದೆ ಎಂಬುದನ್ನು, ಆ ಹೆಂಗಸು ಹಡಗಿನ ಮೇಲಿನಿಂದ ತನ್ನ ಮನೆಯನ್ನು ನೋಡುತ್ತ ಹಾಡಿದಳು. ಕಿಟಕಿಯಲ್ಲಿ ದೀಪ ಹಿಡಿದವಳು ಬೇರೆ ಯಾರೋ. ಜನ ಚಪ್ಪಾಳೆ ತಟ್ಟಿದರು.

ಮಗಳು ತಿರುಗಿ ತಾಯಿಯ ಮುಖ ನೋಡಿದಳು. ತಾಯಿ ರಂಗವನ್ನೇ ನೋಡುತ್ತಿದ್ದಳು, ಬಾಯಿ ತುಸು ತೆರೆದಿತ್ತು. ಮಗಳ ಕೈ ಯಾವಾಗ ಬಿಟ್ಟಳೋ ಅವಳಿಗೆ ನೆನಪಿಲ್ಲ. ಮುಂದಿನ ಅಂಕದಲ್ಲಿ ಏನಾಯಿತು ಎಂದು ಕೇಳಿದರೆ ಇಂದಿಗೂ ಹೇಳಲಾರಳು.

ಪರದೆ ಬಿದ್ದ ಮೇಲೆ ಅವಳ ಮೊದಲ ಮಾತು, ಹೊಸಬರು ಸೇರಿಸಿದಾರೆ, ಎನ್ನುವುದು. ಅದನ್ನು ಮೂರು ಸಲ ಹೇಳಿದಳು. ವಾದ್ಯದವರು ಕೂರುವ ತಗ್ಗಿನಲ್ಲಿ ಬಿಳಿಗೂದಲಿನ ಪಿಯಾನೊ ವಾದಕ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದ. ಸೂಜಕ್ಕ ಕಟಕಟೆಯ ಮೇಲಿಂದ ಬಗ್ಗಿ, ಆ ನಡುವಿನ ಸಾಲುಗಳನ್ನು ಯಾರು ತುರುಕಿದ್ದು ಎಂದು ಕೇಳಿದಳು. ಅವನು ಮೊದಲ ಪ್ರದರ್ಶನದಿಂದಲೂ ಅದೇ ನಾಟಕಕ್ಕೆ ನುಡಿಸಿದವನು. ಕಂದು ಬಣ್ಣಕ್ಕೆ ತಿರುಗಿದ ಹಾಳೆಯನ್ನು ಎತ್ತಿ ತೋರಿಸಿದ. ಆರೂ ಸಾಲುಗಳು ಹಳೆಯ ಕೈಬರಹದಲ್ಲಿ ಅಲ್ಲೇ ಇದ್ದವು.

“ಇದಿಲ್ಲದಿದ್ರೆ ನಾಟಕವೇ ಮುಂದೆ ಹೋಗಲ್ವಲ್ಲ ತಾಯಿ,” ಎಂದ.

ಹಾಗಾದರೆ ಬಿಕ್ಕು ಎಲ್ಲಿ ಹೋಯಿತು ಎಂದು ಅವಳು ಕೇಳಿದಳು. ಯಾವ ಬಿಕ್ಕು ಎಂದು ಅವನು ಕೇಳಿದ. ಅವಳು ಹಾಡಿ ತೋರಿಸಿದಳು. ಅವನು ಗಮನವಿಟ್ಟು ಕೇಳಿ, ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಪದದ ಮೇಲೆ ಬೆರಳಿಟ್ಟ. ರಾಗ ಕಟ್ಟಿದವರು ಮೊದಲ ತಾಲೀಮಿನಲ್ಲೇ ಬರೆಸಿದ್ದಂತೆ. ಪದ ಇಷ್ಟೇ: ಅಳಕೂಡದು.

ಭಾನುವಾರ ಬೆಳಿಗ್ಗೆ ಅವಳು ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಿಲ್ದಾಣದ ಎದುರಿನ ಅಂಗಡಿಗೆ ಹೋದಳು. ಅಂಗಡಿ ಅದೇ, ಮಾಲೀಕನೂ ಅವನೇ. ಈಗ ಫೋನುಗಳಿಗೆ ಗಾಜು ಕೂರಿಸುತ್ತಾನೆ. ಹಳೆಯ ಟೇಪ್ ರೆಕಾರ್ಡರ್ ಒಂದನ್ನು ಮೇಜಿನಡಿಯಿಂದ ತೆಗೆದು, ಧೂಳು ಊದಿ, ಕ್ಯಾಸೆಟ್ ಹಾಕಿದ. ಕಣ್ಣು ಮುಚ್ಚಿ ಕೇಳಿದ. ಬಿಕ್ಕಿನ ಜಾಗಕ್ಕೆ ಸರಿಯಾಗಿ ಅವನ ಬೆರಳು ಮೇಲೆದ್ದಿತು.

“ಇಲ್ಲಿ. ಜಾಯಿಂಟು ನಂದೇ,” ಎಂದ. “ಚೆನ್ನಾಗಿ ಕೂತಿದೆ ಅಲ್ವಾ?”

ಕೆಲಸ ಬಲ್ಲವನ ಮುಖದ ಮೇಲೆ ಬರುವ ಆ ಕಳೆಯನ್ನು ಅವಳು ಬಲ್ಲಳು. ಅದು ಅವಳ ಮುಖದ ಮೇಲೂ ಎಷ್ಟೋ ಸಲ ಬಂದಿದೆ. ಚೆನ್ನಾಗಿದೆ ಎಂದಳು, ಏಕೆಂದರೆ ಚೆನ್ನಾಗಿತ್ತು.

ಅವನು ವಿವರಿಸಿದ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಆ ನಾಟಕದ ಹಾಡುಗಳು ನಲವತ್ತು ಸೆಕೆಂಡು ಹೆಚ್ಚಾಗುತ್ತಿದ್ದವು. ಹೀಗಾದಾಗ ಅವನು ಯಾವುದಾದರೂ ಹಾಡಿನ ಹೊಟ್ಟೆ ಕತ್ತರಿಸುತ್ತಿದ್ದ. ಶುರು ಮತ್ತು ಕೊನೆ ಜನ ಗುನುಗುತ್ತಾರೆ, ನಡುವಿಗೆ ಯಾರು ಲಕ್ಷ್ಯ ಕೊಡುತ್ತಾರೆ. ದೊಡ್ಡ ಸುರುಳಿಯ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸಬೇಕು, ಆ ಸುರುಳಿಯಿಂದ ಊರಿಗೆಲ್ಲ ಪ್ರತಿ. ಹಾಡುವವರು ಉಸಿರೆಳೆಯುವ ಜಾಗದಿಂದ ಮುಂದಿನ ಉಸಿರಿನ ಜಾಗಕ್ಕೆ ಕೊಯ್ದರೆ ಕಿವಿಗೆ ಗೊತ್ತಾಗುವುದಿಲ್ಲ. ಇಷ್ಟು ಹೇಳಿ, ಟೇಪು ಹಿಂದಕ್ಕೆ ತಿರುಗಿಸಿ, ಇನ್ನೊಮ್ಮೆ ಕೇಳಿ ಮುಖ ಹುಳ್ಳಗೆ ಮಾಡಿದ.

“ಒಂದು ಉಸಿರು ತೆಗೀಬೇಕಿತ್ತು. ಅವಸರದಲ್ಲಿ ಎರಡೂ ಉಳ್ಕೊಂಡಿವೆ. ಬಿಕ್ಕಿದ ಹಾಗೆ ಕೇಳ್ಸುತ್ತೆ. ತಪ್ಪು ನಂದೇ ಅಕ್ಕ.”

ತಪ್ಪಿಗೆ ಪರಿಹಾರವಾಗಿ ಫೋನಿಗೊಂದು ಹೊಸ ಗಾಜು ಹಾಕಿಕೊಡಲೇ ಎಂದೂ ಕೇಳಿದ. ಅವಳು ಬೇಡವೆಂದು ಕ್ಯಾಸೆಟ್ ಸುತ್ತಿಕೊಂಡಳು. ಮನೆಗೆ ಹದಿನೈದು ನಿಮಿಷದ ದಾರಿ, ಅವಳಿಗೆ ಒಂದು ಗಂಟೆ ಹಿಡಿಯಿತು. ಊರಿನ ಯಾವ ಸೀಟಿನ ಜೋಡಣೆಯನ್ನಾದರೂ ಮೂರು ಸೆಕೆಂಡಿನಲ್ಲಿ ಹಿಡಿಯುವವಳು ಇದೊಂದನ್ನು ಮೂವತ್ತೆರಡು ವರ್ಷ ದಿನಕ್ಕೊಮ್ಮೆ ಮುಟ್ಟಿಯೂ ಹಿಡಿದಿರಲಿಲ್ಲ. ಹಿಡಿಯದಿದ್ದರೆ ಹೋಗಲಿ, ಇಡೀ ಹಾಡಿನಲ್ಲಿ ಅವಳು ಅತಿ ಹೆಚ್ಚು ಪ್ರೀತಿಸಿದ್ದು ಅದನ್ನೇ. ಫಿಟ್ಟರ್‌ಗೆ ಉತ್ತರ ಕೊಡದ ಎರಡು ಸಂಜೆಗಳು ನೆನಪಾದವು. ವಸತಿಗೃಹದ ಕಾಗದ ನೆನಪಾಯಿತು. ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಬರಲಿಲ್ಲ. ನಲವತ್ತು ಸೆಕೆಂಡು ಉಳಿಸಿದವನ ಮೇಲೆ ಏನೆಂದು ಸಿಟ್ಟಾಗುವುದು.

ಆಗ, ಬೀದಿಯ ತಿರುವಿನಲ್ಲಿ, ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಕಾಲು ನಿಂತುಹೋಯಿತು. ಗಂಡ ನಾಟಕವನ್ನು ರಂಗದ ಮೇಲೆ ನೋಡಿದ್ದ. ಎರಡು ಸಲ.

ಗಂಡ ಕಿಟಕಿಯ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗಿಟ್ಟು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅರವತ್ತೈದು ವಯಸ್ಸು, ಕೆಲಸ ಬಿಟ್ಟು ನಾಲ್ಕು ವರ್ಷ. ಅವಳು ಚಪ್ಪಲಿ ಬಿಡದೆ ಎದುರಿಗೆ ನಿಂತಳು.

“ಹಾಡಿನ ನಡುವೆ ಆರು ಸಾಲಿದೆ. ನಿಮಗೆ ಗೊತ್ತಿತ್ತಾ?”

ಅವನು ಕತ್ತರಿ ಕೆಳಗಿಟ್ಟ.

“ಗೊತ್ತಿತ್ತು.”

ಯಾವಾಗಿನಿಂದ ಎಂದು ಕೇಳಿದಳು. ಕ್ಯಾಸೆಟ್ ತಂದ ದಿನದಿಂದ ಎಂದ. ಅಂಗಡಿಯವನು ಕತ್ತರಿಸಿದ್ದು ಮೊದಲ ಸಲ ಕೇಳಿದಾಗಲೇ ತಿಳಿಯಿತು, ಹೇಳುವಂಥ ದೊಡ್ಡ ವಿಷಯ ಅನ್ನಿಸಲಿಲ್ಲ, ಆಮೇಲೆ ಊರು ಬಿಟ್ಟ. ಬಂದರಿನಲ್ಲಿ ಒಂಬತ್ತು ವರ್ಷ ಅದು ನೆನಪಿಗೂ ಬಂದಿರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೆ ಕಾಣುತ್ತಿತ್ತು.

“ವಾಪಸ್ ಬಂದಾಗ ನೀನು ಹೊಸಿಲ ಮೇಲೆ ಕೂತು ಅದನ್ನೇ ಹಾಡ್ತಿದ್ದೆ,” ಎಂದ. “ಬಾಗಿಲು ತೆಗೆದಿತ್ತು. ಅಂಥಾ ಹೊತ್ತಲ್ಲಿ ಯಾರು ತಾನೆ ಬಾಯಿ ಬಿಡ್ತಾರೆ, ಹೇಳು.”

ಅಲ್ಲಿಗೆ ಅವಳು ಸುಮ್ಮನಾಗಬಹುದಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಎರಡೂವರೆ ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳು ಹಾಡಿದ್ದಳು. ಅವನು ಇದೇ ಕಿಟಕಿಯ ಪಕ್ಕ ಇದ್ದ. ಬಿಕ್ಕಿನ ಜಾಗ ಬರುವ ಮುಂಚೆ ಎದ್ದು, ನೀರು ಕುಡಿಯಲು ಒಳಗೆ ಹೋಗಿದ್ದ.

“ಅವಳಿಗೆ ಹಾಡಿದಾಗ?” ಎಂದಳು. “ಆವತ್ತು ನಿಮಗೆ ಬಾಯಾರಿಕೆ ಆಗಿತ್ತಾ?”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅವನು ಬಹಳ ಹೊತ್ತು ಒರೆಸಿದ. ಅವಳು ನಿಂತು ನೋಡಿದಳು. ಅವಳಿಗೆ ಅಳು ಬರಬೇಕಿತ್ತು, ಅದರ ದಾರಿ ಕಾಯುತ್ತಿದ್ದಳು ಸಹ. ಒಂದು ಉಸಿರು ಒಳಗೆ ಹೋಯಿತು. ಅಷ್ಟೇ. ಎರಡನೆಯದು ಬರಲಿಲ್ಲ.

ಮಗಳ ಮನೆಯಲ್ಲಿ ಮೇಜಿನ ಮೇಲೆ ಕಚೇರಿಯ ಕಾಗದ ಬಿಚ್ಚಿಟ್ಟಿತ್ತು. ಪಕ್ಕದಲ್ಲಿ ಪೆನ್ನು, ಮುಚ್ಚಳ ತೆಗೆದಿರಲಿಲ್ಲ. ಸೂಜಕ್ಕ ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದಳು, ಗಂಡನ ಮಾತನ್ನೂ ಹೇಳಿದಳು, ಏನನ್ನೂ ಸವರಿ ನುಣ್ಣಗೆ ಮಾಡಲಿಲ್ಲ. ಅಪ್ಪನಿಗೆ ಗೊತ್ತಿತ್ತು ಎಂಬುದು ತಲೆಗೆ ಇಳಿಯಲು ಮಗಳಿಗೆ ಸಮಯ ಬೇಕಾಯಿತು. ಆಮೇಲೆ ಅವಳು ನಕ್ಕಳು, ಸಣ್ಣಗೆ, ಸದ್ದಿಲ್ಲದೆ. ಪ್ರಯೋಗಾಲಯದಲ್ಲಿ ನಳಿಕೆ ಒಡೆದಾಗ ನಗುವ ಹಾಗೆ.

“ಈಗ ಏನ್ ಹೇಳ್ತೀಯಮ್ಮ? ಹೋಗು ಅಂತೀಯಾ? ಹಾಡು ಬದಲಾಯ್ತು ಅಂತ?”

ಸೂಜಕ್ಕ ಇಲ್ಲವೆಂದು ತಲೆಯಾಡಿಸಿದಳು. ಮಾತು ಹುಡುಕಲು ಅವಳಿಗೆ ಕಷ್ಟವಾಯಿತು. ಇಷ್ಟು ವರ್ಷ ಇಂಥ ಹೊತ್ತಿಗೆ ಅವಳ ಬಳಿ ಹಾಡೊಂದಿತ್ತು.

“ಹಾಡು ಆ ಕಡೆ ಇಡು,” ಎಂದಳು ಕಡೆಗೆ. “ನಿಂಗೇನ್ ಬೇಕು?”

ಮಗಳು ಕಾಗದದ ಕಡೆ ನೋಡಿದಳು, ಬಾಗಿಲ ಪಕ್ಕದ ಶೂಗಳ ಕಡೆ ನೋಡಿದಳು. ಎರಡೂವರೆ ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲಮ್ಮ ಎಂದಳು. ನೀನೂ ಸೇರಿ, ಎಂದು ಸೇರಿಸಲಿಲ್ಲ. ಸೇರಿಸುವ ಅಗತ್ಯವಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬರೆದಳು. ಎರಡೇ ಸಾಲು. ಬರುತ್ತೇನೆ ಎಂದು.

ಬರೆದ ಮೇಲೆ ಗೂಟದಿಂದ ಮನೆಯ ಬೀಗದ ಕೈ ತೆಗೆದು, ಹೊರಡೋ ದಿನ ಇದು ನಿನ್ನ ಹತ್ರ ಇರ್ಲಿ, ಎಂದು ತಾಯಿಯ ಮುಂದೆ ಹಿಡಿದಳು. ಸೂಜಕ್ಕ ಅದನ್ನು ತಟ್ಟನೆ ತೆಗೆದುಕೊಳ್ಳಲಿಲ್ಲ.

“ಧೂಳು ಹೊಡೀತೀನಿ, ನಲ್ಲಿ ನೋಡ್ಕೋತೀನಿ,” ಎಂದಳು. “ದೀಪ ಗೀಪ ಹಚ್ಚಲ್ಲ. ಈಗ್ಲೇ ಹೇಳಿದೀನಿ.”

ಅವಳು ಮನೆಗೆ ಬಂದಾಗ ಸಂಜೆಯಾಗಿತ್ತು. ಗಂಡ ವಾಡಿಕೆಯಂತೆ ಉದ್ಯಾನದ ಕಡೆ ನಡೆಯಲು ಹೋಗಿದ್ದ. ಆ ಮನೆಯ ಬಾಗಿಲಿಗೆ ಹಗಲಿನಲ್ಲಿ ಚಿಲಕ ಹಾಕುವ ಅಭ್ಯಾಸ ಮೂವತ್ತೆರಡು ವರ್ಷಗಳಿಂದ ಇರಲಿಲ್ಲ. ಅವಳು ಒಳಗೆ ಬಂದು ಚಿಲಕ ಹಾಕಿದಳು. ಬಳಸದೆ ಬಿಗಿದುಕೊಂಡಿತ್ತು, ಹೆಬ್ಬೆರಳಿನಿಂದ ಒತ್ತಿ ತಳ್ಳಬೇಕಾಯಿತು. ಮಗಳ ಮನೆಯಿಂದ ತಂದ ಪ್ರಯಾಣದ ಚೀಲದ ಹಿಡಿಕೆ ಬಿಚ್ಚಿಹೋಗಿತ್ತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ದಾರ ಪೋಣಿಸಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿದ ಸದ್ದಾಯಿತು. ಇನ್ನೊಮ್ಮೆ ತಳ್ಳಿದ ಸದ್ದು. ಆಮೇಲೆ ಅವನು ಬಡಿದ, ಮೊದಲು ಬೆರಳಿನಿಂದ, ನಂತರ ಅಂಗೈಯಿಂದ. ಇನ್ನು ನಾಲ್ಕು ಹೊಲಿಗೆ ಉಳಿದಿತ್ತು. ಅವಳು ನಾಲ್ಕನ್ನೂ ಹಾಕಿ, ಗಂಟು ಬಿಗಿದು, ದಾರ ಕಚ್ಚಿ ತುಂಡು ಮಾಡಿ, ಜೋಡಣೆಯ ಮೇಲೆ ಹೆಬ್ಬೆರಳು ಎಳೆದು ನೋಡಿ, ಆಮೇಲೆ ಎದ್ದು ಹೋಗಿ ತೆರೆದಳು.